8 ಜಿಬಿ ಸಾಕಾ, 16 ಬೇಕಾ?

ಪ್ರಶ್ನೆ: ಗೇಮ್ ಆಡಲು ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕು. 8 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 4060 ತಗೊಳ್ಳಲೋ, ಆರ್‌ಎಕ್ಸ್ 7600 ಎಕ್ಸ್‌ಟಿ ತಗೊಳ್ಳಲೋ ಅಂತ ಒಂದು ವಾರದಿಂದ ತಲೆ ಕೆಡಿಸಿಕೊಂಡಿದ್ದೇನೆ. ನನ್ನದು 1080ಪಿ ಮಾನಿಟರ್, 500 ವ್ಯಾಟ್ ಪವರ್ ಸಪ್ಲೈ. ಒಮ್ಮೆ ಹಾಕಿದರೆ ನಾಲ್ಕೈದು ವರ್ಷ ಕ್ಯಾಬಿನೆಟ್ ಬಿಚ್ಚುವ ಹಾಗಿರಬಾರದು.

ಉತ್ತರ 1: ಹಾಗಾದರೆ 16 ಜಿಬಿ ಇರುವ 7600 ಎಕ್ಸ್‌ಟಿಗೇ ನನ್ನ ಓಟು. ನನ್ನದು 8 ಜಿಬಿ ಕಾರ್ಡ್. ಹೊಸ ಗೇಮ್‌ನಲ್ಲಿ ಟೆಕ್ಸ್ಚರ್ (ಗೋಡೆ, ನೆಲದ ಮೇಲ್ಮೈಯ ಚಿತ್ರ) ಅಲ್ಟ್ರಾಕ್ಕೆ ಇಟ್ಟರೆ ಎದುರಿನ ಗೋಡೆ ಮೊದಲು ಮೇಣ ಬಳಿದ ಹಾಗೆ ಕಾಣುತ್ತದೆ, ಎರಡು ಸೆಕೆಂಡ್ ಆದಮೇಲೆ ಇಟ್ಟಿಗೆ ಮೂಡುತ್ತದೆ. ಕಾರ್ಡಿಗೆ ಶಕ್ತಿ ಇದೆ, ಮೆಮೊರಿಯಲ್ಲಿ ಜಾಗ ಇಲ್ಲ. ಸೆಟ್ಟಿಂಗ್ ಇಳಿಸಿದರೆ ಸರಿ ಹೋಗುತ್ತದೆ, ಆದರೆ ಹೊಟ್ಟೆ ಉರಿಯುತ್ತದೆ ಅಲ್ವಾ!

ಉತ್ತರ 2: ಪವರ್ ಸಪ್ಲೈ ಮರೆಯಬೇಡಿ. 4060ಕ್ಕೆ 115 ವ್ಯಾಟ್ ಸಾಕು, 7600 ಎಕ್ಸ್‌ಟಿ 190 ಕೇಳುತ್ತದೆ. ರೇ ಟ್ರೇಸಿಂಗ್ (ಬೆಳಕು, ನೆರಳು ನಿಜದಂತೆ ಕಾಣಿಸುವುದು), ಡಿಎಲ್‌ಎಸ್‌ಎಸ್ (ಎಐ ಬಳಸಿ ಗೇಮ್ ವೇಗ ಹೆಚ್ಚಿಸುವ ಎನ್‌ವಿಡಿಯಾ ತಂತ್ರ) ಬೇಕಿದ್ದರೆ 4060ಯೇ.

ಪ್ರಶ್ನೆ ಕೇಳಿದವನು: ರೇ ಟ್ರೇಸಿಂಗ್ ಆನ್ ಮಾಡಿ ಐದೇ ನಿಮಿಷಕ್ಕೆ ಆಫ್ ಮಾಡುವವನು ನಾನು. 7600 ಎಕ್ಸ್‌ಟಿಯೇ ಇರಲಿ, ಜೊತೆಗೆ 650 ವ್ಯಾಟ್ ಪವರ್ ಸಪ್ಲೈ.