ಪದಚರ್ಚೆ: ಈಜುಕೊಳದ ‘ಪ್ಲಾಸ್ಟರ್ ಫಿನಿಶ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಕಾಂಕ್ರೀಟ್ ಈಜುಕೊಳ ಕಟ್ಟಿಸುವವರಿಗಾಗಿ ಒಂದು ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ಗುಂಡಿ ತೋಡುವುದು, ಕಂಬಿ ಕಟ್ಟುವುದು, ಪೈಪು, ಪಂಪು, ಸೋಸುವ ತೊಟ್ಟಿ, ಇವಕ್ಕೆಲ್ಲ ಮಾತು ಸಲೀಸಾಗಿ ಸಿಕ್ಕಿತು. ತೊಡಕು ಬಂದಿರುವುದು ಕೊನೆಯ ಹಂತದಲ್ಲಿ. ಕೊಳದ ಒಳಗೆ ಬಳಿಯುವ, ನೀರು ನೇರವಾಗಿ ತಾಗುವ ಪದರಕ್ಕೆ ಎಲ್ಲರೂ ‘ಪ್ಲಾಸ್ಟರ್ ಫಿನಿಶ್’ ಅನ್ನುತ್ತಾರೆ. ಆ ಮಾತನ್ನು ಹಾಗೇ ಇಟ್ಟುಕೊಳ್ಳಲು ನನಗೇನೂ ತಕರಾರಿಲ್ಲ. ಆದರೆ ಅದನ್ನು ಓದಿದವರ ಕಣ್ಣಿಗೆ ಬರುವುದು ಮನೆಯ ಗೋಡೆ. ಅಲ್ಲಿಂದಲೇ ಆಯ್ಕೆ ದಾರಿ ತಪ್ಪುತ್ತದೆ.

ಗೋಡೆಯ ಪ್ಲಾಸ್ಟರ್ ಅಂದರೆ ಸಿಮೆಂಟು, ಮರಳು, ಸುಮಾರು 12 ಮಿಲಿಮೀಟರ್ ದಪ್ಪ. ಅದರ ಮೇಲೆ ಪುಟ್ಟಿ ಬರುತ್ತದೆ, ಬಣ್ಣ ಬರುತ್ತದೆ. ಅದು ನಡುವಿನ ಪದರ, ಯಾರ ಕಣ್ಣಿಗೂ ಬೀಳುವುದಿಲ್ಲ. ಕೊಳದ ಪ್ಲಾಸ್ಟರ್ ಕೂಡ ಹೆಚ್ಚುಕಡಿಮೆ ಅಷ್ಟೇ ದಪ್ಪ, 10ರಿಂದ 13 ಮಿಲಿಮೀಟರ್. ಆದರೆ ಅದೇ ಕೊನೆ. ಅದರ ಮೇಲೆ ಬಣ್ಣ ಹೊಡೆಯುವುದಿಲ್ಲ. ನೀರು, ಕ್ಲೋರಿನ್, ಬಿಸಿಲು, ಈಜುವವರ ಕಾಲು, ಎಲ್ಲವನ್ನೂ ಅದೇ ತಡೆದುಕೊಳ್ಳಬೇಕು. ಕಾಂಕ್ರೀಟಿನೊಳಕ್ಕೆ ನೀರು ಇಳಿಯದಂತೆ ಬಹುಪಾಲು ಕಾಯುವುದೂ ಅದೇ. ಹೆಸರು ಒಂದೇ ಆದರೂ ಕೆಲಸ ಬೇರೆ, ಅಲ್ವಾ? ಈ ವ್ಯತ್ಯಾಸ ಗೊತ್ತಿಲ್ಲದವರು ಬಣ್ಣದ ಚೀಟಿ ನೋಡಿ ಆರಿಸುತ್ತಾರೆ. ಬಣ್ಣ ನೋಡುವುದಕ್ಕೆ ಮುಂಚೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ನೀರಿಗೆ ಎದುರಾಗಿ ನಿಲ್ಲುವುದು ಸಿಮೆಂಟೋ, ಕಲ್ಲೋ? ನಾವಿಡುವ ಹೆಸರಿನಲ್ಲಿ ಈ ಪ್ರಶ್ನೆಗೆ ಉತ್ತರ ಇರಬೇಕು ಅನ್ನುವುದು ನನ್ನ ಆಸೆ.

ಕೈಲಿರುವ ಪದಗಳನ್ನು ನೋಡೋಣ. ‘ಗಿಲಾವು’ ಚೆನ್ನಾಗಿದೆ, ಮರಾಠಿಯ ಗಿಲಾವಾದ ನೆಂಟ. ಆದರೆ ಗಿಲಾವು ಅಂದ ಕೂಡಲೇ ಮತ್ತೆ ಗೋಡೆಯೇ ಕಣ್ಣ ಮುಂದೆ ಬರುತ್ತದೆ. ‘ಗಚ್ಚು’ ಸುಣ್ಣದ ಕಾಲದ ಪದ, ಸಿಮೆಂಟಿಗೆ ಅಷ್ಟು ಹೊಂದುವುದಿಲ್ಲ. ‘ಲೇಪ’ ಅಂದರೆ ಬಣ್ಣದ ಹಾಗೆ ತೆಳ್ಳಗೆ ಸವರಿದ್ದು ಅನ್ನಿಸುತ್ತದೆ. ನನಗೆ ಹಿಡಿಸಿರುವುದು ‘ಗಾರೆ’. ‘ಗಾರೆ ನೆಲ’ ಅನ್ನುವಾಗ ಆ ನೆಲವೇ ಕೊನೆಯ ಮೈ, ಅದರ ಮೇಲೆ ಇನ್ನೇನೂ ಬರುವುದಿಲ್ಲ. ಕರಣೆಯಿಂದ ತೀಡಿ ನುಣುಪು ಮಾಡಿದ್ದು ಅನ್ನುವ ಅರ್ಥವೂ ಅದರಲ್ಲೇ ಇದೆ. ಕೊಳಕ್ಕೆ ಬೇಕಾದದ್ದು ಇವೆರಡೂ.

‘ಫಿನಿಶ್’ ಅನ್ನುವುದಕ್ಕೆ ಬೇರೆ ಪದ ಬೇಡ ಅನ್ನಿಸುತ್ತದೆ. ‘ಒಳಮೈ’ ಅಂದರೆ ಸಾಕು. ‘ಕೊಳದ ಒಳಮೈಗೆ ಯಾವ ಗಾರೆ?’ ಅಂತ ಕೇಳಿದರೆ ಯಾರಿಗೂ ಗೊಂದಲವಾಗುವುದಿಲ್ಲ.

ಈಗ ಬಗೆಗಳು. ಮೊದಲನೆಯದು ಬಿಳಿ ಪ್ಲಾಸ್ಟರ್. ಬಿಳಿ ಸಿಮೆಂಟಿಗೆ ಹಾಲುಗಲ್ಲಿನ ಪುಡಿ ಬೆರೆಸಿ ಬಳಿಯುತ್ತಾರೆ. ಬಿಳಿ ಸಿಮೆಂಟೂ ಪೋರ್ಟ್‌ಲ್ಯಾಂಡ್ ಸಿಮೆಂಟೇ, ಅಂದರೆ ಮಾಮೂಲಿ ಸಿಮೆಂಟಿನ ಜಾತಿಯದೇ, ಕಬ್ಬಿಣದ ಅಂಶ ಕಡಿಮೆ ಇರುವುದರಿಂದ ಬೂದು ಬಣ್ಣ ಬರುವುದಿಲ್ಲ ಅಷ್ಟೇ. ಇದು ಎಲ್ಲಕ್ಕಿಂತ ಅಗ್ಗ, ಕಾಲಿಗೆ ಎಲ್ಲಕ್ಕಿಂತ ನುಣುಪು. ದೋಷವೂ ಅದರ ಹುಟ್ಟಿನಲ್ಲೇ ಇದೆ. ಹಾಲುಗಲ್ಲು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಹುಳಿಗೆ, ಅಂದರೆ ಆಸಿಡ್ಡಿಗೆ, ಕರಗುವಂಥದ್ದು. ಸಿಮೆಂಟು ಗಟ್ಟಿಯಾಗುವಾಗ ಹುಟ್ಟುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ನೀರಿಗೂ ಅಷ್ಟಿಷ್ಟು ಕರಗುತ್ತದೆ. ಹಾಗಾಗಿ ನೀರು ಹುಳಿಯಾದರೆ ಗಾರೆ ಇಡಿಯಾಗಿ ಸವೆಯುತ್ತದೆ. ಸಾಮಾನ್ಯವಾಗಿ 7ರಿಂದ 10 ವರ್ಷಕ್ಕೆ ಮತ್ತೆ ಬಳಿಸುವ ಮಾತು ಬರುತ್ತದೆ. ಇದಕ್ಕೆ ‘ಬಿಳಿಗಾರೆ’ ಅನ್ನೋಣ ಅಂತಿದ್ದೇನೆ.

ಎರಡನೆಯದರಲ್ಲಿ ಹಾಲುಗಲ್ಲಿನ ಜಾಗಕ್ಕೆ ಕ್ವಾರ್ಟ್ಜ್ ಬರುತ್ತದೆ, ಅಂದರೆ ನಮ್ಮ ಬೆಣಚುಕಲ್ಲು. ಬೆಣಚು ಸಿಲಿಕಾ. ಕೊಳದ ನೀರಿಗೆ ಹಾಕುವ ಆಸಿಡ್ಡು ಅದನ್ನು ಏನೂ ಮಾಡುವುದಿಲ್ಲ. ಸುತ್ತಲಿನ ಸಿಮೆಂಟನ್ನು ತಿಂದರೂ ಕಣ ಗಟ್ಟಿಯಾಗಿ ನಿಂತಿರುತ್ತದೆ. ಹಾಗಾಗಿ 10ರಿಂದ 15 ವರ್ಷ ಬಾಳಿಕೆಯ ಮಾತಾಡುತ್ತಾರೆ. ಬಣ್ಣ ಹತ್ತಿಸಿದ ಬೆಣಚು ಕಣಗಳೂ ಸಿಗುತ್ತವೆ. ‘ಬೆಣಚುಗಾರೆ’ ಅಂದರೆ ಇಷ್ಟೂ ಹೇಳಿದಂತಾಗುತ್ತದೆ. ಇದರ ಬಗ್ಗೆ ನನಗೆ ಅನುಮಾನವೇ ಇಲ್ಲ.

ಮೂರನೆಯದು ಪೆಬಲ್ ಫಿನಿಶ್. ನನ್ನ ನಿಜವಾದ ಪ್ರಶ್ನೆ ಇಲ್ಲಿದೆ. ಹೊಳೆಯಲ್ಲಿ ಉರುಳಿ ನುಣುಪಾದ ಸಣ್ಣ ಸಣ್ಣ ಕಲ್ಲುಗಳನ್ನು ಸಿಮೆಂಟಿನಲ್ಲಿ ಕಲಸಿ ಬಳಿಯುತ್ತಾರೆ. ಸ್ವಲ್ಪ ಬಿಗಿಯಾದ ಮೇಲೆ ಮೇಲ್ಪದರದ ಸಿಮೆಂಟನ್ನು ನೀರಿನಿಂದ ತೊಳೆಯುತ್ತಾರೆ. ಆಮೇಲೆ ನೀರು ಬೆರೆಸಿದ ಆಸಿಡ್ಡಿನಿಂದ ಇನ್ನೊಮ್ಮೆ ತೊಳೆಯುವುದುಂಟು. ಆಗ ಕಲ್ಲಿನ ಮುಖ ಹೊರಗೆ ಕಾಣುತ್ತದೆ. ನೀರಿಗೆ ತಾಗುವುದು ಬಹುಪಾಲು ಕಲ್ಲು, ಸಿಮೆಂಟು ಸಂದಿಯಲ್ಲಷ್ಟೇ. ಬಾಳಿಕೆ 15ರಿಂದ 20 ವರ್ಷ, ಚೆನ್ನಾಗಿ ನೋಡಿಕೊಂಡರೆ ಇನ್ನೂ ಜಾಸ್ತಿ. ನಾನು ಮೊದಲು ಬರೆದುಕೊಂಡ ಪದ ‘ಹರಳುಗಾರೆ’. ಕಿವಿಗೆ ಇಂಪಾಗಿದೆ. ಆದರೆ ಹರಳು ಅಂದರೆ ಉಂಗುರದ ಕಲ್ಲೂ ಹೌದು, ಉಪ್ಪಿನ ಹರಳೂ ಹೌದು. ಬೆಣಚನ್ನೇ ಹರಳು ಅನ್ನುವವರೂ ಇದ್ದಾರೆ. ಎರಡನೆಯ ಬಗೆಯನ್ನು ಕೇಳಿದವರಿಗೆ ಮೂರನೆಯದು ಸಿಕ್ಕಿಬಿಟ್ಟರೆ ಅದು ಸಣ್ಣ ವಿಷಯವಲ್ಲ. ‘ಜಲ್ಲಿಗಾರೆ’ ಬೇಡವೇ ಬೇಡ. ಜಲ್ಲಿ ಅಂದರೆ ಒಡೆದ ಕಲ್ಲು, ಚೂಪು ಮೂಲೆ ಇರುವಂಥದ್ದು. ಅದರ ಮೇಲೆ ಬರಿಗಾಲಲ್ಲಿ ನಡೆಯುವುದನ್ನು ನೆನೆದರೇ ಸಾಕು. ‘ಉರುಟುಗಲ್ಲಿನ ಗಾರೆ’ ಸರಿಯಾಗಿದೆ, ಆದರೆ ಉದ್ದ. ‘ಹೊಳೆಗಲ್ಲಿನ ಗಾರೆ’ ಅಂದರೆ ಹೇಗೆ? ಕಲ್ಲು ಎಲ್ಲಿಂದ ಬಂದಿತು, ಯಾಕೆ ನುಣುಪು ಅನ್ನುವುದು ಒಂದೇ ಪದದಲ್ಲಿ ಬರುತ್ತದೆ. ಸದ್ಯಕ್ಕೆ ನನ್ನ ಒಲವು ಅದಕ್ಕೇ.

ಈ ಮೂರನೆಯದರಲ್ಲೇ ಒಳಬಗೆಗಳಿವೆ. ಕಲ್ಲು ದಪ್ಪವಿದ್ದಷ್ಟೂ ಕಾಲಿಗೆ ಒರಟು. ದಿನವಿಡೀ ಆಳವಿಲ್ಲದ ಕಡೆ ಆಡುವ ಮಕ್ಕಳ ಕಾಲ್ಬೆರಳು ತರಚುವುದುಂಟು. ಅದಕ್ಕೇ ಸಣ್ಣ ಕಲ್ಲಿನದನ್ನು ಕೇಳುವವರು ಹೆಚ್ಚು. ಇನ್ನೂ ನುಣುಪು ಬೇಕಾದರೆ ಗಟ್ಟಿಯಾದ ಮೇಲೆ ಯಂತ್ರದಲ್ಲಿ ಉಜ್ಜಿ ಸಪಾಟು ಮಾಡುತ್ತಾರೆ, ಮೊಸಾಯಿಕ್ ನೆಲವನ್ನು ಉಜ್ಜುವ ಹಾಗೆ. ಕಲ್ಲು ಎದ್ದು ಕಾಣುವುದಕ್ಕೆ ‘ಎದ್ದ ಮೈ’, ಉಜ್ಜಿದ್ದಕ್ಕೆ ‘ಉಜ್ಜಿದ ಮೈ’ ಅಂತ ಬರೆದಿದ್ದೇನೆ. ‘ಹೊಳೆಗಲ್ಲಿನ ಗಾರೆ, ಉಜ್ಜಿದ ಮೈ’ ಅಂತ ಕರಾರಿನಲ್ಲಿ ಬರೆದರೆ ಕೆಲಸದವರಿಗೂ ಅರ್ಥವಾಗಬೇಕು, ಕಟ್ಟಿಸುವವರಿಗೂ ಅರ್ಥವಾಗಬೇಕು. ಆಗುತ್ತದೆಯೇ?

ಬಣ್ಣದ ಬಗ್ಗೆ ಸ್ವಲ್ಪ ಹೇಳಲೇಬೇಕು. ಒಣಗಿದ ಮಾದರಿಯ ತುಂಡು ಕೈಲಿ ಹಿಡಿದು ನೋಡಿದ ಬಣ್ಣ ಬೇರೆ, ನೀರು ತುಂಬಿದ ಮೇಲೆ ಕಾಣುವ ಬಣ್ಣ ಬೇರೆ. ನೀರು ಬೆಳಕಿನಲ್ಲಿರುವ ಕೆಂಪನ್ನು ಹೀರಿಕೊಳ್ಳುತ್ತದೆ, ಆಳ ಹೆಚ್ಚಿದಷ್ಟೂ ನೀಲಿಯೇ ಉಳಿಯುತ್ತದೆ. ಅದಕ್ಕೇ ಬಿಳಿಗಾರೆಯ ಮೇಲೆ ನೀರು ತಿಳಿನೀಲಿ, ಬೂದುಗಾರೆಯ ಮೇಲೆ ಗಾಢ ನೀಲಿ. ಮರಳಿನ ಬಣ್ಣದ ಗಾರೆಯಾದರೆ ನೀರು ಹಸಿರಿನ ಕಡೆ ವಾಲುತ್ತದೆ. ಕಪ್ಪು ಗಾರೆಯಲ್ಲಿ ಆಕಾಶ, ಮರ ಎಲ್ಲ ಪ್ರತಿಬಿಂಬವಾಗಿ ಕೆರೆಯಂತೆ ಕಾಣುತ್ತದೆ. ಚೆಂದ, ಒಪ್ಪುತ್ತೇನೆ. ಆದರೆ ತಳದಲ್ಲಿ ಯಾರಾದರೂ ಮುಳುಗಿದ್ದರೆ ಬೇಗ ಕಣ್ಣಿಗೆ ಬೀಳುವುದಿಲ್ಲ. ಸಾರ್ವಜನಿಕ ಕೊಳಗಳಿಗೆ ತಿಳಿಬಣ್ಣವೇ ಇರಬೇಕು ಅನ್ನುವ ನಿಯಮ ಹಲವು ಕಡೆ ಇರುವುದು ಇದಕ್ಕೇ. ಮಕ್ಕಳಿರುವ ಮನೆಯಲ್ಲೂ ನಾನು ಕಪ್ಪು ಬೇಡ ಅಂತಲೇ ಹೇಳುತ್ತೇನೆ. ಈ ಭಾಗದಲ್ಲಿ ‘ಗಾರೆಯ ಬಣ್ಣ’, ‘ನೀರಿನ ಬಣ್ಣ’ ಅಂತ ಎರಡನ್ನೂ ಬೇರೆಬೇರೆಯಾಗಿ ಬಳಸಿದ್ದೇನೆ. ಮಾದರಿಯನ್ನು ಬಿಸಿಲಿನಲ್ಲಿ ನೀರೊಳಗೆ ಇಟ್ಟು ನೋಡಿ ಅಂತಲೂ ಸೇರಿಸಿದ್ದೇನೆ.

ಇನ್ನು ದೋಷಗಳ ಹೆಸರು. ಇಲ್ಲಿ ಕೆಲಸದವರ ಮಾತೇ ಎಷ್ಟೋ ವಾಸಿ. ಗಾರೆ ಬಳಿಯುವವರು ತಳದಲ್ಲಿ ಮೊಳೆ ಅಡಿಯ ಬೂಟು ಹಾಕಿಕೊಂಡು ಹಸಿ ಗಾರೆಯ ಮೇಲೇ ಓಡಾಡುತ್ತಾರೆ. ಸಣ್ಣ ತೂತುಗಳಷ್ಟೇ ಬೀಳುತ್ತವೆ. ಅವನ್ನೂ ಕರಣೆ ಎಳೆದು ಮುಚ್ಚುತ್ತಾ ಹಿಂದೆ ಸರಿಯುತ್ತಾರೆ. ಬಿಸಿಲು ಜೋರಾಗಿದ್ದು ಗಾರೆ ಬೇಗ ಬಿಗಿಯಾದರೆ ಕರಣೆ ಜಾರುವುದಿಲ್ಲ. ಆಗ ಮೇಲೆ ನೀರು ಚಿಮುಕಿಸಿ ತೀಡುವ ಆಸೆ ಬರುತ್ತದೆ. ಹಾಗೆ ಮಾಡಿದರೆ ಮೇಲ್ಮೈ ಸಡಿಲವಾಗುತ್ತದೆ, ಬಲೆ ಹರಡಿದಂತೆ ಸಣ್ಣ ಬಿರುಕು ಬರುತ್ತವೆ. ಇದನ್ನು ಕೆಲವರು ‘ಏರ್‌ಕ್ರ್ಯಾಕ್’ ಅನ್ನುತ್ತಾರೆ, ಹೇರ್‌ಕ್ರ್ಯಾಕ್ ಬಾಯಲ್ಲಿ ಹಾಗಾಗಿದೆ. ನಾನು ‘ಬಲೆಬಿರುಕು’ ಅಂತ ಬರೆದಿದ್ದೇನೆ. ಕಾಂಕ್ರೀಟೇ ಸೀಳಿ ಗಾರೆಯಲ್ಲೂ ಕಾಣುವ ಉದ್ದನೆಯ ಬಿರುಕಿಗೆ ಮಾತ್ರ ‘ಸೀಳು’. ಇವೆರಡನ್ನು ಒಂದೇ ಪದದಲ್ಲಿ ಹೇಳಬಾರದು. ಬಲೆಬಿರುಕು ಹೆಚ್ಚಾಗಿ ಮೇಲ್ಮೈಯದು, ಸೀಳಿನಿಂದ ನೀರು ಸೋರಬಹುದು.

ಗಾರೆ ಕಾಂಕ್ರೀಟಿನಿಂದ ಬೇರೆಯಾದರೆ ಕಂಬಿಯ ತುದಿಯಿಂದ ತಟ್ಟಿದಾಗ ಟೊಳ್ಳು ಸದ್ದು ಬರುತ್ತದೆ. ಅದಕ್ಕೆ ‘ಬಿಟ್ಟುಕೊಂಡಿದೆ’ ಅನ್ನುತ್ತಾರೆ. ಇದಕ್ಕಿಂತ ಒಳ್ಳೆಯ ಮಾತು ನನಗೆ ಬೇಕಿಲ್ಲ.

ಜಗಳಕ್ಕೆ ಕಾರಣವಾಗುವುದು ‘ಎಚಿಂಗ್’ ಮತ್ತು ‘ಸ್ಕೇಲಿಂಗ್’. ಎರಡೂ ಕೈಗೆ ಒರಟಾಗಿಯೇ ತಾಗುತ್ತವೆ, ಆದರೆ ಕಾರಣ ಒಂದಕ್ಕೊಂದು ತದ್ವಿರುದ್ಧ. ನೀರು ಹುಳಿಯಾಗಿ, ಅದರಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ನೀರು ಗಾರೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಮೈಯೆಲ್ಲ ಸಣ್ಣ ಗುಳಿ ಬೀಳುತ್ತದೆ, ಇದು ಎಚಿಂಗ್. ಪಿಎಚ್ (ನೀರಿನ ಹುಳಿ ಅಳೆಯುವ ಅಂಕಿ, ಏರಿದಷ್ಟೂ ಹುಳಿ ಕಡಿಮೆ) ಮೇಲಿದ್ದು ಕ್ಯಾಲ್ಸಿಯಂ ಜಾಸ್ತಿಯಾದರೆ ಅದು ಗಾರೆಯ ಮೇಲೆ ಬಂದು ಕೂರುತ್ತದೆ, ಇದು ಸ್ಕೇಲಿಂಗ್. ನೀರು ಯಾವ ಕಡೆ ವಾಲಿದೆ ಅಂತ ಲೆಕ್ಕ ಹಾಕಲು ಲ್ಯಾಂಜೆಲಿಯರ್ ಎಂಬ ಅಮೆರಿಕದ ಎಂಜಿನಿಯರ್ 1936ರಲ್ಲಿ ಕೊಟ್ಟ ಸೂಚ್ಯಂಕವನ್ನು ಈಗಲೂ ಬಳಸುತ್ತಾರೆ. ಅದು ಸೊನ್ನೆಯ ಆಸುಪಾಸಿನಲ್ಲಿರಬೇಕು. ಕೊಳ ನೋಡಿಕೊಳ್ಳುವವರು ಸಾಮಾನ್ಯವಾಗಿ ಪಿಎಚ್ 7.2ರಿಂದ 7.8ರ ನಡುವೆ, ಕ್ಯಾಲ್ಸಿಯಂ ಗಡಸುತನ (ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂನ ಅಳತೆ) 200ರಿಂದ 400 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ ಅಷ್ಟು ಭಾಗ, ಇದರ ನಡುವೆ ಇಡುತ್ತಾರೆ. ಮೇಲೆ ಕೂತದ್ದಕ್ಕೆ ‘ಹಕ್ಕಳೆ’ ಅನ್ನುವ ಪದ ಇದೆ, ‘ಗಾರೆಗೆ ಹಕ್ಕಳೆ ಕಟ್ಟಿದೆ’ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಗುಳಿ ಬಿದ್ದದ್ದಕ್ಕೆ ‘ಸವೆತ’ ಅಂದರೆ ಕಾಲು, ಬ್ರಷ್ಷು ತಾಗಿ ತೇದುಹೋದದ್ದೂ ಅದರಲ್ಲೇ ಸೇರಿಬಿಡುತ್ತದೆ. ಇಲ್ಲಿ ತಪ್ಪು ನೀರಿನದು. ಕಡಲ್ಕೊರೆತ ಎಲ್ಲರಿಗೂ ಗೊತ್ತಿರುವ ಪದವಾದ್ದರಿಂದ ‘ನೀರ್ಕೊರೆತ’ ಅನ್ನಬಹುದೇ ಅಂತ ಯೋಚಿಸುತ್ತಿದ್ದೇನೆ. ‘ಹಕ್ಕಳೆಯೋ, ನೀರ್ಕೊರೆತವೋ ಮೊದಲು ಗೊತ್ತುಮಾಡಿಕೊಳ್ಳಿ’ ಅನ್ನುವ ವಾಕ್ಯ ನಿಮಗೆ ಹೇಗೆ ಕೇಳಿಸುತ್ತದೆ?

ಮೊದಲ ತಿಂಗಳಿನ ಆರೈಕೆಗೆ ‘ಸ್ಟಾರ್ಟ್‌ಅಪ್’ ಅನ್ನುತ್ತಾರೆ. ಗೋಡೆಗಾದರೆ ನೀರು ಹಾಕಿ ಕ್ಯೂರಿಂಗ್ ಮಾಡುತ್ತೇವೆ. ಇಲ್ಲಿ ಗಾರೆ ನೀರಿನಡಿಯಲ್ಲೇ ಗಟ್ಟಿಯಾಗುತ್ತಾ ಹೋಗುತ್ತದೆ. ಒಮ್ಮೆ ನೀರು ಬಿಟ್ಟರೆ ತುಂಬುವವರೆಗೆ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದಲ್ಲಿ ಸುತ್ತಲೂ ಗೆರೆ ಉಳಿಯುತ್ತದೆ. ಹೊಸ ಗಾರೆಯಿಂದ ಬಿಳಿ ಪುಡಿ ಬಿಡುತ್ತದೆ, ಅದನ್ನು ಶುರುವಿನಲ್ಲಿ ದಿನಕ್ಕೆರಡು ಸಲ ಬ್ರಷ್ಷಿನಿಂದ ಉಜ್ಜಬೇಕು. ಉಪ್ಪಿನಿಂದ ಕ್ಲೋರಿನ್ ಮಾಡುವ ಯಂತ್ರವಿದ್ದರೂ ಸುಮಾರು 28 ದಿನ ಉಪ್ಪು ಹಾಕಬಾರದು. ಇದನ್ನು ‘ಮೊದಲ ನೀರಿನ ಆರೈಕೆ’ ಅಂತ ಕರೆದಿದ್ದೇನೆ. ಇದಕ್ಕಿಂತ ಚಿಕ್ಕದು ಹೊಳೆದರೆ ತಿಳಿಸಿ.

ಕೊನೆಗೆ ಉಳಿದದ್ದು ‘ಮಾಟ್ಲಿಂಗ್’. ಒಂದೇ ಗಾರೆಯಲ್ಲಿ ಕೆಲವೆಡೆ ಗಾಢ, ಕೆಲವೆಡೆ ತಿಳಿ ಕಾಣುವುದು. ಕೈಯಿಂದ ಬಳಿದ ಸಿಮೆಂಟಿನಲ್ಲಿ ಇದು ಸ್ವಲ್ಪವಾದರೂ ಇದ್ದೇ ಇರುತ್ತದೆ, ಬಣ್ಣ ಹಾಕಿದ ಗಾರೆಯಲ್ಲಿ ಎದ್ದು ಕಾಣುತ್ತದೆ. ಬೇಗ ಬಿಗಿಯಾಗಲಿ ಅಂತ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದರೆ ಹೆಚ್ಚಾಗುತ್ತದೆ. ಸಿಮೆಂಟಿನ ತೂಕದ ನೂರಕ್ಕೆ 2 ಭಾಗವನ್ನು ಅದು ದಾಟಬಾರದು ಅನ್ನುವ ಮಿತಿ ಇದೆ. ‘ಕಲೆ’ ಅಂದರೆ ಯಾರೋ ಕೊಳೆ ಮಾಡಿದಂತೆ, ತೊಳೆದರೆ ಹೋಗುವಂತೆ ಅನ್ನಿಸುತ್ತದೆ. ‘ಮಚ್ಚೆ’ ಅಂದರೆ ಚಿಕ್ಕದು, ಅಂಚು ಸ್ಪಷ್ಟ. ಇದು ಹಾಗಲ್ಲ, ಅಂಚೇ ಗೊತ್ತಾಗದಂತೆ ಒಂದರೊಳಗೊಂದು ಕರಗಿರುತ್ತದೆ. ‘ಮೋಡಬಣ್ಣ’ ಅನ್ನುವ ಪದ ಹೊಳೆದಿದೆ. ಕರಾರಿನ ಸಾಲು ಹೀಗಿದೆ: ‘ಬೂದುಗಾರೆಯಲ್ಲಿ ಅಲ್ಲಲ್ಲಿ ಮೋಡಬಣ್ಣ ಕಾಣಿಸಿಕೊಳ್ಳಬಹುದು, ಇದನ್ನು ದೋಷವೆಂದು ಎಣಿಸುವುದಿಲ್ಲ.’ ಇದನ್ನು ಓದಿ ಸಹಿ ಹಾಕುವವರು ಮೋಡದ ಬಣ್ಣವೇ ಬರುತ್ತದೆ ಅಂದುಕೊಂಡುಬಿಡುತ್ತಾರೆಯೇ? ಹಾಗಿದ್ದರೆ ಇಲ್ಲಿಗೆ ಯಾವ ಪದ ಹಾಕುತ್ತೀರಿ?