ಝೈನಬ್ ಅನ್ನೋ ಹೆಸರಿನ ನಿಜವಾದ ಅರ್ಥ ಏನು?

ಮಂಗಳೂರ್_ಮಾಮ: ತಂಗಿ ಮಗಳಿಗೆ ಝೈನಬ್ ಅಂತ ಇಡೋಣ ಅಂತಿದಾರೆ, ಒಂದು ಆ್ಯಪಲ್ಲಿ ‘ಅಪ್ಪನ ಅಲಂಕಾರ’ ಅಂತಿದೆ, ಇನ್ನೊಂದ್ರಲ್ಲಿ ಯಾವ್ದೋ ಗಿಡದ ಹೆಸರು ಅಂತಿದೆ, ಯಾವ್ದು ಸರಿ?

ಹಳೇಪುಸ್ತಕ: ಗಿಡಾನೇ. ಹಳೇ ಅರಬ್ಬಿ ನಿಘಂಟುಗಳಲ್ಲಿ ನೋಡೋಕೂ ಚೆಂದ, ಘಮವೂ ಚೆನ್ನಾಗಿರೋ ಮರ ಅಂತಾನೇ ಇದೆ. ‘ಝೈನ್’ ಅಂದ್ರೆ ಅಲಂಕಾರ, ‘ಅಬ್’ ಅಂದ್ರೆ ಅಪ್ಪ, ಸೇರಿಸಿ ಹೇಳೋದು ಜನಪ್ರಿಯ ವಿವರಣೆ, ಕೇಳೋಕೆ ಚೆಂದ ಬಿಡಿ, ಆದ್ರೆ ಅರಬ್ಬಿಯಲ್ಲಿ ‘ಅಬ್’ ಬರೆಯೋಕೆ ಅಲಿಫ್ ಅನ್ನೋ ಅಕ್ಷರ ಬೇಕು, ಝೈನಬ್‌ನಲ್ಲಿ ಅಲಿಫೇ ಇಲ್ವಲ್ಲ!

ಸುಮ್ನೆ_ಓದೋಳು: ಅರ್ಥಕ್ಕಿಂತ ಪರಂಪರೆ ದೊಡ್ಡದು ಕಣ್ರೀ. ಪ್ರವಾದಿಯವರ ಒಬ್ಬ ಮಗಳು ಝೈನಬ್, ಪತ್ನಿಯರಲ್ಲೂ ಇಬ್ರು ಝೈನಬ್, ಖುಝೈಮಾ ಅವರ ಮಗಳು ಮತ್ತೆ ಜಹ್ಶ್ ಅವರ ಮಗಳು. ಅದಕ್ಕಿಂತ ಜಾಸ್ತಿ ನೆನಪಾಗೋದು ಮೊಮ್ಮಗಳು, ಅಂದ್ರೆ ಪ್ರವಾದಿಯವರ ಇನ್ನೊಬ್ಬ ಮಗಳು ಫಾತಿಮಾ, ಅಳಿಯ ಅಲಿ ಅವರ ಮಗಳು ಝೈನಬ್. 680ರಲ್ಲಿ ಇರಾಕಿನ ಕರ್ಬಲಾ ಯುದ್ಧದಲ್ಲಿ ಅಣ್ಣ ಹುಸೇನ್ ಹತರಾದ್ಮೇಲೆ ಸೆರೆಯಾಳಾಗಿ ಡಮಾಸ್ಕಸ್‌ಗೆ ಹೋಗಿ ಆಗಿನ ಖಲೀಫ ಯಝೀದನ ದರ್ಬಾರಲ್ಲೇ ಎದುರು ನಿಂತು ಮಾತಾಡಿದ್ರು ಅಂತ ಹೇಳ್ತಾರೆ, ಆ ಭಾಷಣದ ನೆನಪು ಶಿಯಾಗಳಲ್ಲಿ ಇವತ್ತಿಗೂ ಇದೆ. ಡಮಾಸ್ಕಸ್ ಹತ್ರ ಅವರ ದರ್ಗಾ ಇದೆ, ಕೈರೋದಲ್ಲೂ ಅವರ ಹೆಸರಿನ ದೊಡ್ಡ ಮಸೀದಿ ಇದೆ, ಎರಡೂ ಊರಿನೋರು ಸಮಾಧಿ ನಮ್ಮಲ್ಲೇ ಅಂತಾರೆ.

ಇಸ್ತಾಂಬುಲ್_ಟೀ: ಟರ್ಕಿಯಲ್ಲಿ ಇದೇ ಹೆಸರು ಝೆಯ್ನೆಪ್, ತುಂಬಾ ಕಾಮನ್ನು.

ಮಂಗಳೂರ್_ಮಾಮ: ಥ್ಯಾಂಕ್ಸ್, ಅಲಿಫ್ ಪಾಯಿಂಟು ಭಾವಂಗೆ ಹೇಳಲ್ಲ, ಅವ್ನು ‘ಅಪ್ಪನ ಅಲಂಕಾರ’ ಅಂತಾನೇ ಒಪ್ಕೊಂಡಿರೋದು 😄