ಆರ್‌ಎನ್‌ಎ ಇಷ್ಟು ಬೇಗ ಹಾಳಾಗುತ್ತೆ ಅಂದ್ರೆ ಜೀವ ಅದರಿಂದ ಶುರುವಾಗಿದ್ದು ಹೇಗೆ?

ನೀಲಿಹಕ್ಕಿ:
ಆರ್‌ಎನ್‌ಎ ವರ್ಲ್ಡ್ (ಡಿಎನ್‌ಎ, ಪ್ರೋಟೀನ್‌ಗಿಂತ ಮುಂಚೆ ಜೀವ ಆರ್‌ಎನ್‌ಎಯಿಂದ ಶುರುವಾಯ್ತು ಅನ್ನೋ ಊಹೆ) ಬಗ್ಗೆ ಓದ್ತಾ ಒಂದು ಕಡೆ ಸಿಕ್ಕಾಕೊಂಡಿದೀನಿ. ಸ್ಟ್ಯಾನ್ಲಿ ಮಿಲ್ಲರ್ ಗುಂಪಿನೋರು 1995ರಲ್ಲಿ ಅಳೆದಿರೋ ಪ್ರಕಾರ 100 ಡಿಗ್ರಿ ನೀರಲ್ಲಿ, ಪಿಎಚ್ 7ರಲ್ಲಿ ಆರ್‌ಎನ್‌ಎ ಸರಪಳಿಯಲ್ಲಿರೋ ರೈಬೋಸ್ ಸಕ್ಕರೆಯ ಅರ್ಧಾಯುಷ್ಯ (ಅರ್ಧ ಭಾಗ ಒಡೆದುಹೋಗೋಕೆ ಹಿಡಿಯೋ ಸಮಯ) ಬರೀ 73 ನಿಮಿಷ. ಸಕ್ಕರೆನೇ ಉಳೀದೆ ಇದ್ರೆ ಸರಪಳಿ ಕಟ್ಟೋದು ಯಾವಾಗ? ಆರ್‌ಎನ್‌ಎಗಿಂತ ಮುಂಚೆ ಬೇರೆ ಯಾವ್ದೋ ಗಟ್ಟಿ ಅಣು ಇತ್ತು ಅನ್ಕೋಬೇಕಾ?

ಬೀಕರ್ ಮೇಷ್ಟ್ರು:
ಅದೇ ಪೇಪರ್‌ನಲ್ಲಿ ಇನ್ನೊಂದು ಅಂಕಿ ಇದೆ ನೋಡಿ, 0 ಡಿಗ್ರೀಲಿ ಅದೇ ರೈಬೋಸ್‌ಗೆ 44 ವರ್ಷ. ಬೇರೆ ಅಳತೆಗಳ ಪ್ರಕಾರ ಸೈಟೋಸಿನ್ (ಆರ್‌ಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದು) ಅಂತೂ 100 ಡಿಗ್ರೀಲಿ 19 ದಿನ, 0 ಡಿಗ್ರೀಲಿ 17,000 ವರ್ಷ. ಹಾಗಾಗಿ ಕುದಿಯೋ ನೀರಿನ ಲೆಕ್ಕ ಹಿಡ್ಕೊಂಡು ಆರ್‌ಎನ್‌ಎನ ತಳ್ಳಿಹಾಕೋದು ಸರಿಯಲ್ಲ, ತಣ್ಣಗಿರೋ ಜಾಗ ಹುಡುಕ್ಬೇಕು ಅಷ್ಟೆ. ನೀರು ಹೆಪ್ಪುಗಟ್ಟುವಾಗ ಅದರಲ್ಲಿ ಕರಗಿರೋದೆಲ್ಲ ಐಸ್ ಹರಳುಗಳ ಮಧ್ಯೆ ಉಳಿಯೋ ಚೂರು ದ್ರವಕ್ಕೆ ಬಂದು ದಟ್ಟ ಆಗುತ್ತೆ, ಅದೂ ಲಾಭಾನೇ. ಜೊತೆಗೆ ಬೋರೇಟ್ ಖನಿಜಗಳು ರೈಬೋಸ್‌ನ ಹಿಡಿದಿಟ್ಟು ಕಾಪಾಡ್ತವೆ ಅಂತ ಸ್ಟೀವನ್ ಬೆನ್ನರ್ ತಂಡ 2004ರಲ್ಲೇ ತೋರಿಸಿದೆ.

ಮಧ್ಯರಾತ್ರಿ ಓದುಗ:
ಸರಪಳಿ ಆದ್ಮೇಲೂ ಕಷ್ಟ ಇದೆ. ರೈಬೋಸ್‌ನ 2ನೇ ಕಾರ್ಬನ್ ಮೇಲಿರೋ ಓಎಚ್ (ಆಮ್ಲಜನಕ-ಹೈಡ್ರೋಜನ್ ಗುಂಪು) ಸಕ್ಕರೆಗಳನ್ನ ಜೋಡಿಸಿರೋ ಪಕ್ಕದ ಫಾಸ್ಫೇಟ್ ಮೇಲೇ ದಾಳಿ ಮಾಡಿ ಕೊಂಡಿ ಬಿಡಿಸಿಬಿಡುತ್ತೆ, ಕ್ಷಾರ ಜಾಸ್ತಿ ಇದ್ರೆ ಇನ್ನೂ ಬೇಗ. ಡಿಎನ್‌ಎಗೆ ಆ ಓಎಚ್ ಇಲ್ಲ, ಅದಕ್ಕೇ ಅಷ್ಟು ಬಾಳಿಕೆ. 2000ದಲ್ಲಿ ಎಶೆನ್‌ಮೋಸರ್ ತಂಡ ಮಾಡಿದ ಟಿಎನ್‌ಎಲಿ (ರೈಬೋಸ್ ಬದಲು ಥ್ರಿಯೋಸ್ ಇರೋ ಆರ್‌ಎನ್‌ಎ ಥರದ ಅಣು) ನಾಲ್ಕು ಕಾರ್ಬನ್ ಸಕ್ಕರೆ, ಅದರ 2 ಮತ್ತು 3ನೇ ಕಾರ್ಬನ್‌ಗಳ ಓಎಚ್‌ಗಳೂ ಕೊಂಡೀಲೇ ಖರ್ಚಾಗೋದ್ರಿಂದ ದಾಳಿ ಮಾಡೋಕೆ ಏನೂ ಉಳಿಯಲ್ಲ, ಆದ್ರೂ ಆರ್‌ಎನ್‌ಎ ಜೊತೆ ಜೋಡಿ ಆಗುತ್ತೆ. ನಂಗೆ ತುಂಬಾ ಇಷ್ಟದ ಅಣು ಅದು. 1991ರ ಪಿಎನ್‌ಎಲಿ (ಪ್ರೋಟೀನ್ ಥರದ ಬೆನ್ನೆಲುಬಿರೋ ಕೃತಕ ಅಣು) ಸಕ್ಕರೆನೂ ಇಲ್ಲ ಫಾಸ್ಫೇಟೂ ಇಲ್ಲ, ಆದ್ರೆ ಚಾರ್ಜ್ ಇಲ್ದೆ ನೀರಲ್ಲಿ ಗುಂಪುಗಟ್ಟೋ ತೊಂದರೆ ಇದೆ.

ನೀಲಿಹಕ್ಕಿ:
ಹಾಗಾದ್ರೆ ಟಿಎನ್‌ಎನೇ ಮೊದಲು ಅಂದ್ಬಿಡಬಹುದಲ್ವಾ?

ಬೀಕರ್ ಮೇಷ್ಟ್ರು:
ಬರೀ ಬಾಳಿಕೆ ನೋಡಿ ಅಷ್ಟು ದೂರ ಹೋಗೋಕಾಗಲ್ಲ. ಹ್ಯಾಮರ್‌ಹೆಡ್ ರೈಬೋಜೈಮ್ (ಕಿಣ್ವದ ಥರ ಕೆಲಸ ಮಾಡೋ ಆರ್‌ಎನ್‌ಎ) ಆರ್‌ಎನ್‌ಎನ ಕತ್ತರಿಸೋದು ಅದೇ ಓಎಚ್ ದಾಳಿಯಿಂದಾನೇ, ಅಂದ್ರೆ ಆರ್‌ಎನ್‌ಎನ ಮುರಿಯೋ ಗುಂಪೇ ಅದಕ್ಕೆ ಕೆಲಸಾನೂ ಕೊಟ್ಟಿದೆ. ಮೆಗ್ನೀಸಿಯಂ ಕಥೇನೂ ಹೀಗೇ, ಆರ್‌ಎನ್‌ಎ ಕಾಪಿ ಆಗೋಕೆ ಬೇಕು ಆದ್ರೆ ಅದೇ ಅದನ್ನ ಮುರಿಯುತ್ತೆ, ಸಿಟ್ರೇಟ್ ಹಾಕಿದ್ರೆ ಮುರಿಯೋದು ತಗ್ಗಿ ಕಾಪಿ ಕೆಲಸ ನಡೆಯುತ್ತೆ ಅಂತ ಶೊಸ್ಟಾಕ್ ಲ್ಯಾಬ್ 2013ರಲ್ಲಿ ತೋರಿಸ್ತು. ನನ್ನ ಪ್ರಕಾರ ಕೇಳಬೇಕಾದ್ದು ಎಷ್ಟು ದಿನ ಉಳಿಯುತ್ತೆ ಅಂತಲ್ಲ, ಮುರಿಯೋದಕ್ಕಿಂತ ಬೇಗ ಕಾಪಿ ಆಗುತ್ತಾ ಅಂತ.